ಸಾವಿರ ತುಂಡು ಸುರಿದುಕೊಂಡು ಕೂತವರಿಗೆ: ಜಿಗ್ಸಾ ಜೋಡಿಸುವ ಕ್ರಮ

ಸಾವಿರ ಪೀಸಿನ ಜಿಗ್ಸಾ ಪಝಲನ್ನು ಮೊದಲ ಸಲ ಹಾಸಿಗೆಯ ಮೇಲೆ ಸುರಿದಾಗ ಎದೆ ಧಸಕ್ ಅನ್ನುತ್ತದೆ. ಒಂದು ಚಿತ್ರವನ್ನು ತುಂಡು ತುಂಡಾಗಿ ಕತ್ತರಿಸಿ ಕೊಟ್ಟಿರುತ್ತಾರೆ, ಅದನ್ನು ಮತ್ತೆ ಜೋಡಿಸುವುದೇ ಈ ಆಟ. ಡಬ್ಬಿಯ ಮೇಲೆ ಚಂದದ ಕಾಡು, ಹೊಳೆ, ಹಕ್ಕಿ. ಹಾಸಿಗೆಯ ಮೇಲೆ ಬರೀ ರಟ್ಟಿನ ಚೂರು. ಅರ್ಧಕ್ಕರ್ಧ ತುಂಡು ಮಗುಚಿ ಬಿದ್ದಿರುತ್ತವೆ, ಅವುಗಳ ಬೂದು ಬೆನ್ನು ಮಾತ್ರ ಕಾಣುತ್ತದೆ. ಎಲ್ಲಿಂದ ಶುರು ಮಾಡಬೇಕು ಅಂತಲೇ ಗೊತ್ತಾಗುವುದಿಲ್ಲ.

ನಾನು ಶುರು ಮಾಡಿದ್ದು ತಪ್ಪು ದಾರಿಯಲ್ಲಿ. ಒಂದು ತುಂಡು ಎತ್ತುತ್ತಿದ್ದೆ, ಡಬ್ಬಿಯ ಚಿತ್ರದಲ್ಲಿ ಅದರ ಜಾಗ ಹುಡುಕುತ್ತಿದ್ದೆ, ಸಿಗದಿದ್ದರೆ ಕೆಳಗಿಟ್ಟು ಇನ್ನೊಂದು ಎತ್ತುತ್ತಿದ್ದೆ. ಮೂರು ಸಂಜೆ ಕೂತರೂ ಅಂಗೈ ಅಗಲದ ಚಿತ್ರ ಕೂಡಲಿಲ್ಲ. ಪಕ್ಕದಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದ ಅಮ್ಮ ಕೊನೆಗೆ ಹೇಳಿದಳು: "ಒಂದೊಂದೇ ಕಾಳು ಎತ್ತಿ ನೋಡ್ತಾ ಕೂತ್ರೆ ಅಕ್ಕಿ ಆರಿಸಿ ಮುಗಿಯುತ್ತೇನೇ? ಮೊದ್ಲು ಹರಡ್ಕೋ. ಒಂದೇ ಥರದ್ದನ್ನ ಒಂದು ಕಡೆ ಸರಿಸ್ತಾ ಹೋಗು."

ಅವತ್ತಿನಿಂದ ಹಾಗೇ ಮಾಡುತ್ತಿದ್ದೇನೆ. ಈ ಆಟದಲ್ಲಿ ಮುಕ್ಕಾಲು ಪಾಲು ಕೆಲಸ ಆರಿಸುವುದೇ. ಯಾವುದನ್ನು ನೋಡಿ ಆರಿಸಬೇಕು ಅನ್ನುವುದು ಮಾತ್ರ ಚಿತ್ರದಿಂದ ಚಿತ್ರಕ್ಕೆ ಬೇರೆ. ಕಾಡಿನ ಫೋಟೋಗೆ ಒಂದು ಲೆಕ್ಕ, ಪೇಂಟಿಂಗಿಗೆ ಇನ್ನೊಂದು, ಬಣ್ಣದ ವಿನ್ಯಾಸಕ್ಕೆ ಮತ್ತೊಂದು. ಹೊಸಬರಿಗೆ ಇದನ್ನು ಹೇಳಿಕೊಡಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಶುರುವಿನಿಂದ ಹೇಳುತ್ತೇನೆ.

1. ಚಿತ್ರ ಆರಿಸುವುದು

ಮೊದಲ ಪಝಲ್ 500 ತುಂಡಿನದಾಗಿರಲಿ. ಸಾವಿರದ್ದು ಎರಡನೆಯದಕ್ಕೆ ಸಾಕು. 500ರದ್ದು ಎರಡು ಮೂರು ಸಂಜೆಯಲ್ಲಿ ಮುಗಿಯುತ್ತದೆ, ಆಟದ ರುಚಿ ಹತ್ತುತ್ತದೆ. ಸಾವಿರದ್ದೆಂದರೆ ಎರಡು ಪಟ್ಟು ಕೆಲಸ ಅಂದುಕೊಳ್ಳಬೇಡಿ. ಪ್ರತಿ ಜಾಗಕ್ಕೂ ಹುಡುಕಬೇಕಾದ ರಾಶಿಯೇ ದೊಡ್ಡದಾಗುವುದರಿಂದ ಹೊತ್ತು ಅದಕ್ಕಿಂತ ಜಾಸ್ತಿ ಹಿಡಿಯುತ್ತದೆ.

ಅಂಗಡಿಯಲ್ಲಿ ಡಬ್ಬಿ ಕೈಗೆತ್ತಿಕೊಂಡಾಗ ಒಂದು ಪರೀಕ್ಷೆ ಮಾಡಿ. ಸಾವಿರ ತುಂಡಿನ ಪಝಲ್ ಜೋಡಿಸಿ ಮುಗಿಸಿದಾಗ ಸುಮಾರು 70 ಸೆಂಟಿಮೀಟರ್ ಉದ್ದ, 50 ಸೆಂಟಿಮೀಟರ್ ಅಗಲ ಇರುತ್ತದೆ. ಅಂದರೆ ಒಂದೊಂದು ತುಂಡು ಹೆಚ್ಚುಕಡಿಮೆ 1.8 ಸೆಂಟಿಮೀಟರ್. ಡಬ್ಬಿಯ ಮೇಲಿನ ಚಿತ್ರ ಸಾಮಾನ್ಯವಾಗಿ ಇದರ ಅರ್ಧ ಅಳತೆಯದು. ಹಾಗಾಗಿ ಡಬ್ಬಿಯ ಮೇಲೆ ನಿಮ್ಮ ಕಿರುಬೆರಳಿನ ಉಗುರು ಮುಚ್ಚುವಷ್ಟು ಜಾಗವೇ ಒಂದು ತುಂಡು. ಉಗುರನ್ನು ಚಿತ್ರದ ಹತ್ತು ಕಡೆ ಇಟ್ಟು ನೋಡಿ. ಏಳೆಂಟು ಕಡೆ ಅದರಡಿ ಗುರುತು ಹಿಡಿಯುವಂಥದ್ದು ಏನಾದರೂ ಸಿಕ್ಕರೆ, ಅಂದರೆ ಒಂದು ಗೆರೆ, ಎಲೆಯ ಅಂಚು, ಬಣ್ಣ ಬದಲಾಗುವ ಜಾಗ, ಧೈರ್ಯವಾಗಿ ಕೊಳ್ಳಿ. ಐದಾರು ಕಡೆ ಬರೀ ನೀಲಿ ಅಥವಾ ಬರೀ ಕಪ್ಪೇ ಕಂಡರೆ ಸದ್ಯಕ್ಕೆ ಅಲ್ಲೇ ಇಟ್ಟುಬಿಡಿ.

ನಯವಾಗಿ ಮಿರಮಿರ ಹೊಳೆಯುವ ತುಂಡಿಗಿಂತ ಬಟ್ಟೆಯ ನೇಯ್ಗೆಯಂತೆ ತರಿತರಿ ಮೇಲ್ಮೈ ಇರುವುದು ಕಣ್ಣಿಗೆ ಹಿತ. ಟ್ಯೂಬ್‌ಲೈಟಿನ ಪ್ರತಿಬಿಂಬ ಕುಕ್ಕುವುದಿಲ್ಲ. ರಟ್ಟು ಸುಮಾರು 2 ಮಿಲಿಮೀಟರ್ ದಪ್ಪ ಇದ್ದರೆ ತುಂಡು ಬಾಗುವುದಿಲ್ಲ. ಒಮ್ಮೆ ತೀರಾ ಅಗ್ಗಕ್ಕೆ ಸಿಕ್ಕಿತು ಅಂತ ಒಂದು ಪಝಲ್ ತಂದಿದ್ದೆ. ಅದರಲ್ಲಿ ಯಾವ ತುಂಡು ಯಾವುದಕ್ಕೆ ಬೇಕಾದರೂ ಕೂರುತ್ತಿತ್ತು. ಆಕಾಶ ಪೂರ್ತಿ ಜೋಡಿಸಿದ ಮೇಲೆ ಕೊನೆಯಲ್ಲಿ ಎರಡು ತುಂಡು ಉಳಿದವು, ಎರಡೂ ಎಲ್ಲೂ ಕೂರಲಿಲ್ಲ. ಇಡೀ ಆಕಾಶ ಬಿಚ್ಚಬೇಕಾಯಿತು. ಈ ಸುಳ್ಳು ಕೂಡಿಕೆಯ ಕಾಟ ಕೆಟ್ಟದ್ದು.

2. ಜಾಗ ಮತ್ತು ಬೆಳಕು

ಊಟದ ಮೇಜನ್ನು ಹದಿನೈದು ದಿನ ಯಾರೂ ಬಿಟ್ಟುಕೊಡುವುದಿಲ್ಲ. 3 ಅಡಿ ಉದ್ದ, 2 ಅಡಿ ಅಗಲದ 6 ಮಿಲಿಮೀಟರ್ ಪ್ಲೈವುಡ್ ಹಲಗೆ ಕೊಯ್ಸಿಕೊಂಡು ಬನ್ನಿ. ಅದರ ಮೇಲೆ ಹಳೆಯ ಕಾಟನ್ ಬೆಡ್‌ಶೀಟನ್ನು ಬಿಗಿಯಾಗಿ ಎಳೆದು ಹಿಂಬದಿಗೆ ಅಂಟಿಸಿ. ಬಟ್ಟೆಯ ಮೇಲೆ ತುಂಡು ಜಾರುವುದಿಲ್ಲ. ಬಟ್ಟೆ ಒಂದೇ ಬಣ್ಣದ್ದಾಗಿರಲಿ, ಹೂವಿನ ಡಿಸೈನ್ ಇದ್ದರೆ ತುಂಡುಗಳು ಅದರಲ್ಲಿ ಕರಗಿಹೋಗುತ್ತವೆ. ಕೆಲಸ ಮುಗಿದ ಕೂಡಲೇ ಹಲಗೆಯನ್ನು ಮಂಚದ ಕೆಳಗೆ ತಳ್ಳಿಬಿಡಬಹುದು. ಉರುಳೆ ಥರ ಸುತ್ತಿಡುವ ಪಝಲ್ ಮ್ಯಾಟ್‌ಗಳೂ ಸಿಗುತ್ತವೆ. ನನಗೆ ಹಲಗೆಯೇ ಇಷ್ಟ, ಸುತ್ತುವಾಗ ಅಲ್ಲಲ್ಲಿ ಕಿತ್ತುಬರುವ ಭಯ ಇಲ್ಲ.

ಬೆಳಕಿನ ವಿಷಯ ಸುಮ್ನೆ ಬಿಡುವಂಥದ್ದಲ್ಲ. ಹಳದಿ ಬಲ್ಬಿನಡಿ ಕೆನೆ ಬಣ್ಣ, ಬಿಳಿ, ತಿಳಿ ಹಳದಿ ಮೂರೂ ಒಂದೇ. ಕಡು ನೀಲಿಯೂ ಕಡು ಹಸಿರೂ ಒಂದೇ. ಬಣ್ಣ ಬೇರೆ ಮಾಡುವ ಕೆಲಸವನ್ನು ಹಗಲಿನಲ್ಲಿ ಕಿಟಕಿಯ ಪಕ್ಕ ಕೂತು ಮಾಡಿ. ರಾತ್ರಿಗೆ ಆಕಾರ ನೋಡಿ ಜೋಡಿಸುವ ಕೆಲಸ ಇಟ್ಟುಕೊಳ್ಳಿ. ನಿಮ್ಮ ಬಲಗೈ ನೆರಳು ಚಿತ್ರದ ಮೇಲೆ ಬೀಳದಂತೆ ದೀಪ ಎಡಗಡೆ ಇರಲಿ.

ಮೂರು ವರ್ಷದೊಳಗಿನ ಮಕ್ಕಳು ಮನೆಯಲ್ಲಿದ್ದರೆ ನೆಲದ ಮೇಲೆ ಹರಡಲೇಬೇಡಿ. ಈ ತುಂಡುಗಳು ಗಂಟಲಲ್ಲಿ ಸಿಕ್ಕಿಕೊಳ್ಳುವ ಅಳತೆಯವು.

3. ಜರಡಿ, ಮೊರ, ತಟ್ಟೆ

ಹೊಸ ಡಬ್ಬಿಯಲ್ಲಿ ರಟ್ಟಿನ ಪುಡಿ ಬೇಕಾದಷ್ಟಿರುತ್ತದೆ. ಅದು ಸಂದಿಯಲ್ಲಿ ಕೂತರೆ ತುಂಡು ಸಮವಾಗಿ ಕೂರುವುದಿಲ್ಲ, ಹಲಗೆಯ ಬಟ್ಟೆಗೂ ಅಂಟುತ್ತದೆ. ಆದ್ದರಿಂದ ಮೊದಲು ದೊಡ್ಡ ಕಣ್ಣಿನ ಜರಡಿಗೆ ಎರಡೆರಡು ಹಿಡಿ ಹಾಕಿ ಹಿತ್ತಲಲ್ಲಿ ಮೆಲ್ಲಗೆ ಜರಡಿ ಹಿಡಿಯಿರಿ. ಅಂಟಿಕೊಂಡೇ ಇರುವ ಜೋಡಿ ತುಂಡುಗಳು ಸಿಕ್ಕರೆ ಬಿಡಿಸಿ.

ಆಮೇಲೆ ಎಲ್ಲವನ್ನೂ ಬಣ್ಣದ ಬದಿ ಮೇಲೆ ಬರುವಂತೆ ಮಗುಚಿ. ಇದು ಬೇಜಾರಿನ ಕೆಲಸ ಅಂತ ತುಂಬಾ ಜನ ಬಿಟ್ಟುಬಿಡುತ್ತಾರೆ. ಬಿಡಬೇಡಿ. ಮಗುಚುವಾಗ ಪ್ರತಿ ತುಂಡನ್ನೂ ಒಂದು ಸಲ ಕಣ್ಣು ನೋಡಿರುತ್ತದೆ. ಎರಡು ದಿನ ಬಿಟ್ಟು "ಕೆಂಪು ಚುಕ್ಕೆ ಇದ್ದದ್ದು ಎಲ್ಲೋ ನೋಡಿದ್ದೆ" ಅಂತ ನೆನಪಾಗುವುದು ಈ ಹೊತ್ತಿನಿಂದಲೇ. ಮಗುಚುತ್ತಾ ಮಗುಚುತ್ತಾ ನೇರ ಅಂಚಿರುವ ತುಂಡುಗಳನ್ನು ಬೇರೆ ತಟ್ಟೆಗೆ ಹಾಕಿ.

ಆರಿಸುವುದಕ್ಕೆ ಪಝಲ್ ಟ್ರೇ ಅಂತ ಬೇರೆ ಕೊಳ್ಳಬೇಕಿಲ್ಲ. ಮನೆಯ ಸ್ಟೀಲ್ ತಟ್ಟೆ, ಸಿಹಿಯ ಬಾಕ್ಸಿನ ಮುಚ್ಚಳ, ಮೊರ ಎಲ್ಲ ನಡೆಯುತ್ತದೆ. ಅಂಚು ಎತ್ತರ ಇಲ್ಲದ ಅಗಲದ ಪಾತ್ರೆ ಬೇಕು. ಬಟ್ಟಲಲ್ಲಿ ತುಂಬಿದರೆ ಕೆಳಗಿನವು ಕಾಣುವುದೇ ಇಲ್ಲ. ಒಂದು ತಟ್ಟೆಯಲ್ಲಿ ತುಂಡುಗಳು ಒಂದರ ಮೇಲೊಂದು ಬೀಳದಂತೆ, ಒಂದೇ ಪದರವಾಗಿ ಹರಡಿರಬೇಕು.

ರಾಶಿಗಳಿಗೆ ಹೆಸರಿಡಿ. ಇದು ನಮ್ಮ ಮನೆಯ ರೂಢಿ, ನಿಜಕ್ಕೂ ಕೆಲಸಕ್ಕೆ ಬರುತ್ತದೆ. "ತಿಳಿ ಹಸಿರು, ಕಡು ಹಸಿರು" ಅಂದರೆ ಒಬ್ಬೊಬ್ಬರಿಗೆ ಒಂದೊಂದು ಅರ್ಥ. ನಾವು ಬಾಳೆಸುಳಿ, ವೀಳ್ಯದೆಲೆ, ಪಾಚಿ, ಒಣಗಿದ ಸೋಗೆ ಅಂತೀವಿ. "ಪಾಚಿ ತಟ್ಟೆ ಇತ್ಲಾಗೆ ಕೊಡು" ಅಂದರೆ ಮಗಳಿಗೆ ತಕ್ಷಣ ಗೊತ್ತಾಗುತ್ತದೆ.

ಕೈಗೆ ಎಣ್ಣೆ ಇರಬಾರದು. ಕೋಡುಬಳೆ, ಚಿಪ್ಸು ತಿನ್ನುತ್ತಾ ಕೂತರೆ ಬೆರಳಿನ ಗುರುತು ತುಂಡಿನ ಮೇಲೆ ಉಳಿಯುತ್ತದೆ, ತರಿತರಿ ಮೇಲ್ಮೈಯಿಂದ ಅದು ಹೋಗುವುದಿಲ್ಲ.

4. ಅಂಚು

ಸಾವಿರದ ಪಝಲ್‌ಗಳನ್ನು ಹೆಚ್ಚಾಗಿ ಎರಡು ಲೆಕ್ಕದಲ್ಲಿ ಕತ್ತರಿಸಿರುತ್ತಾರೆ. ಒಂದು 40×25, ಸರಿಯಾಗಿ 1000. ಇನ್ನೊಂದು 38×27, ಒಟ್ಟು 1026. ಎರಡರಲ್ಲೂ ಅಂಚಿನ ತುಂಡುಗಳು 126, ಅದರಲ್ಲಿ ನಾಲ್ಕು ಮೂಲೆ. ನಿಮ್ಮ ತಟ್ಟೆಯಲ್ಲಿ 119 ಸಿಕ್ಕಿದ್ದರೆ ಚಿಂತೆ ಬೇಡ, ಉಳಿದ ಏಳು ರಾಶಿಯಲ್ಲಿ ಎಲ್ಲೋ ಅಡಗಿವೆ. ಒಂದು ಬದಿ ಮುಗಿದ ಮೇಲೆ ಅದರ ತುಂಡು ಎಣಿಸಿ, ಎದುರಿನ ಬದಿಯಲ್ಲೂ ಅಷ್ಟೇ ಇರಬೇಕು. ಒಂದು ಕಡಿಮೆ ಬಂದರೆ ಎಲ್ಲೋ ತಪ್ಪು ಕೂಡಿದೆ ಅಂತ ಅರ್ಥ, ಅಥವಾ ಒಂದು ಇನ್ನೂ ಸಿಕ್ಕಿಲ್ಲ.

ಅಂಚೇ ಮೊದಲು ಆಗಬೇಕು ಅನ್ನುವ ನಿಯಮ ಏನಿಲ್ಲ. ಮೇಲಿನ ಬದಿ ಪೂರ್ತಿ ಮೋಡ, ಕೆಳಗಿನ ಬದಿ ಪೂರ್ತಿ ಹುಲ್ಲು ಅಂತಿದ್ದರೆ ಅಂಚಿಗೇ ಎರಡು ಸಂಜೆ ಹೋಗುತ್ತದೆ, ಉತ್ಸಾಹ ಇಳಿದುಹೋಗುತ್ತದೆ. ಅಂಥ ಚಿತ್ರದಲ್ಲಿ ಸುಲಭವಾಗಿ ಕೂಡಿದಷ್ಟು ಅಂಚು ಇಟ್ಟುಕೊಂಡು ನಡುವಿಗೆ ಹೋಗಿ.

5. ಚಿತ್ರಕ್ಕೆ ತಕ್ಕ ಕಣ್ಣು

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. 1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಅನ್ನುವ ನಕ್ಷೆಗಾರ ಭೂಪಟವನ್ನು ಮರದ ಹಲಗೆಗೆ ಅಂಟಿಸಿ, ದೇಶಗಳ ಗಡಿಯ ಗುಂಟ ಕೊಯ್ದು, ಮಕ್ಕಳಿಗೆ ಭೂಗೋಳ ಕಲಿಸಲು ಮಾರುತ್ತಿದ್ದ. ಜಿಗ್ಸಾದ ಶುರು ಅಲ್ಲಿಂದ. ಆ ಪಝಲ್‌ನಲ್ಲಿ ಒಂದು ದೇಶ ಅಂದರೆ ಒಂದು ತುಂಡು, ಬಣ್ಣ ಮುಗಿದ ಕಡೆಯೇ ತುಂಡೂ ಮುಗಿಯುತ್ತಿತ್ತು. ಈಗ ಹಾಗಲ್ಲ. ಕತ್ತರಿಸುವ ಅಚ್ಚಿಗೆ ಚಿತ್ರದ ಪರಿವೆಯೇ ಇಲ್ಲ. ಹಕ್ಕಿಯ ಕಣ್ಣಿನ ನಡುವೆಯೇ ಕೊಯ್ಯುತ್ತದೆ. ನಮಗೆ ಅದೇ ಅನುಕೂಲ. ಒಂದು ತುಂಡಿನಲ್ಲಿ ಕಡಿದುಹೋದ ಗೆರೆ ಪಕ್ಕದ ತುಂಡಿನಲ್ಲಿ ಮುಂದುವರಿಯಲೇಬೇಕು. ತುಂಡು ಕೈಗೆತ್ತಿಕೊಂಡಾಗ ಅದರ ನಡುವಿನಲ್ಲಿ ಏನಿದೆ ಅಂತ ನೋಡುವುದಕ್ಕಿಂತ, ಅಂಚಿನಲ್ಲಿ ಏನು ಅರ್ಧಕ್ಕೆ ನಿಂತಿದೆ ಅಂತ ನೋಡಿ.

*ಕಾಡು, ಹೊಳೆ, ಬೆಟ್ಟ.* ಪ್ರಕೃತಿಯ ಫೋಟೋಗಳಲ್ಲಿ ಮೊದಲು ಪ್ರಕೃತಿ ಅಲ್ಲದ್ದನ್ನು ಹುಡುಕಿ. ಒಂದು ಮನೆ, ಸೇತುವೆ, ದೋಣಿ ಇದ್ದರೆ ಅದು ಒಂದು ಗಂಟೆಯಲ್ಲಿ ಕೂಡುತ್ತದೆ. ಆಮೇಲೆ ಪ್ರಾಣಿ, ಹಕ್ಕಿ. ಆಮೇಲೆ ಮರದ ಕಾಂಡಗಳು, ಯಾಕೆಂದರೆ ಅವು ಉದ್ದುದ್ದ ಗೆರೆ, ಒಂದು ತುದಿ ಸಿಕ್ಕರೆ ಏಣಿ ಹತ್ತಿದ ಹಾಗೆ ಮೇಲಕ್ಕೆ ಹೋಗಬಹುದು. ಆಕಾಶ ಮತ್ತು ನೆಲ ಕೂಡುವ ಗೆರೆಯನ್ನು ಎಡದಿಂದ ಬಲಕ್ಕೆ ಪೂರ್ತಿ ಮಾಡಿಕೊಳ್ಳಿ. ಚಿತ್ರ ಎರಡು ಭಾಗವಾಗುತ್ತದೆ, ಹುಡುಕುವ ಜಾಗ ಅರ್ಧ ಆಗುತ್ತದೆ.

ಎಲೆಗಳ ರಾಶಿ ಕೊನೆಗೆ. ಅದರಲ್ಲೂ ಒಂದು ದಾರಿ ಇದೆ. ಫೋಟೋದಲ್ಲಿ ಹತ್ತಿರದ ಎಲೆಗೆ ನರ ಕಾಣುತ್ತದೆ, ಅಂಚು ಚೂಪಾಗಿರುತ್ತದೆ. ದೂರದ ಎಲೆ ಮಸುಕು, ಬಣ್ಣವೂ ಸ್ವಲ್ಪ ನೀಲಿ ಕಡೆಗೆ ವಾಲಿರುತ್ತದೆ. ಮಲೆನಾಡಿನಲ್ಲಿ ಗುಡ್ಡದ ಹಿಂದಿನ ಗುಡ್ಡ ನೀಲಿಯಾಗಿ ಕಾಣುವುದಿಲ್ಲವೇ, ಹಾಗೆ. ಹಸಿರನ್ನು ಬಣ್ಣದಿಂದ ಮಾತ್ರವಲ್ಲ, ಚೂಪು ಮತ್ತು ಮಸುಕು ಅಂತಲೂ ಬೇರೆ ಮಾಡಿ. ನೀರಿನಲ್ಲಿ ಬೆಟ್ಟದ ಪ್ರತಿಬಿಂಬ ಇದ್ದರೆ ಗಾಬರಿಯಾಗಬೇಡಿ: ನೀರಿನ ತುಂಡುಗಳಲ್ಲಿ ಸಣ್ಣ ಅಡ್ಡ ಅಲೆಗೆರೆ ಇರುತ್ತದೆ, ಬಣ್ಣ ಒಂದು ಮಟ್ಟ ಮಂಕು. ಮೋಡವಿಲ್ಲದ ಆಕಾಶವೂ ಪೂರ್ತಿ ಒಂದೇ ನೀಲಿಯಲ್ಲ. ನೆಲದ ಹತ್ತಿರ ಬಿಳಿಚು, ಮೇಲೆ ಹೋದಂತೆ ಗಾಢ. ತುಂಡುಗಳನ್ನು ಬಿಳಿಚಿನಿಂದ ಗಾಢಕ್ಕೆ ಸಾಲಾಗಿ ಇಟ್ಟರೆ ಯಾವುದು ಯಾವ ಎತ್ತರದ್ದು ಅಂತ ಅಂದಾಜು ಸಿಗುತ್ತದೆ.

*ಪೇಂಟಿಂಗುಗಳು.* ನನ್ನ ಮನಸ್ಸು ಜಾಸ್ತಿ ಇರುವುದು ಇಲ್ಲೇ. ಕುಂಚದ ಗೀಟು ಯಾವ ಕಡೆಗೆ ಹೋಗಿದೆ ಅನ್ನುವುದನ್ನು ಓದಲು ಕಲಿತರೆ ಪೇಂಟಿಂಗಿನ ಪಝಲ್ ಫೋಟೋಗಿಂತ ಸುಲಭ. ಡಚ್ ಚಿತ್ರಕಾರ ವ್ಯಾನ್ ಗೋ 1889ರಲ್ಲಿ ಬರೆದ ನಕ್ಷತ್ರಗಳ ರಾತ್ರಿಯ ಚಿತ್ರವನ್ನೇ ತೆಗೆದುಕೊಳ್ಳಿ. ಆಕಾಶದ ತುಂಬ ನೀಲಿ, ನೋಡಿದರೆ ಭಯವಾಗುತ್ತದೆ. ಆದರೆ ಎಡಗಡೆಯ ಸೈಪ್ರಸ್ ಮರದ ಗೀಟುಗಳು ಬೆಂಕಿಯ ನಾಲಗೆಯಂತೆ ಮೇಲಕ್ಕೆ ಹೋಗುತ್ತವೆ. ಊರಿನ ಮನೆಗಳದ್ದು ಗಿಡ್ಡ, ನೇರ ಗೆರೆ. ಆಕಾಶದ್ದು ಬಾಗಿದ ಗೀಟು. ಒಂದು ತುಂಡಿನಲ್ಲಿ ತಿಳಿ ಹಳದಿಯ ಪುಟ್ಟ ಪುಟ್ಟ ಬಾಗಿದ ಗೀಟುಗಳು ಕಂಡವು ಅಂದುಕೊಳ್ಳಿ. ಅದು ಯಾವುದೋ ನಕ್ಷತ್ರದ ಸುತ್ತಲಿನ ಪ್ರಭೆ. ಗೀಟುಗಳು ಯಾವ ಕಡೆ ಬಾಗಿವೆ ನೋಡಿ. ಬಿಲ್ಲಿನ ಒಳಬದಿ ಎತ್ತ ಇದೆಯೋ ನಕ್ಷತ್ರದ ನಡು ಅತ್ತ. ಈಗ ಆ ತುಂಡನ್ನು ನಾಲ್ಕು ದಿಕ್ಕಿಗೂ ತಿರುಗಿಸಿ ನೋಡುವ ಅಗತ್ಯವಿಲ್ಲ. ನಕ್ಷತ್ರದ ಬಲಕ್ಕೆ ಹೇಗಿಡಬೇಕು, ಎಡಕ್ಕೆ ಹೇಗಿಡಬೇಕು ಅಂತ ಗೀಟೇ ಹೇಳುತ್ತದೆ.

ಮೊದಲ ಕಲಾಕೃತಿಗೆ ಯಾವುದು ಅಂತ ಕೇಳಿದರೆ ನಾನು 16ನೇ ಶತಮಾನದ ಚಿತ್ರಕಾರ ಹಿರಿಯ ಪೀಟರ್ ಬ್ರೂಗೆಲ್ ಹೆಸರು ಹೇಳುತ್ತೇನೆ. ಅವನು 1560ರಲ್ಲಿ ಬರೆದ ಮಕ್ಕಳ ಆಟಗಳ ಚಿತ್ರ ವಿಯೆನ್ನಾದ ಮ್ಯೂಸಿಯಂನಲ್ಲಿದೆ. ಒಂದು ಊರಿನ ಬೀದಿ, ಅದರ ತುಂಬ ಇನ್ನೂರಕ್ಕೂ ಹೆಚ್ಚು ಮಕ್ಕಳು, ಒಬ್ಬೊಬ್ಬರದು ಒಂದೊಂದು ಆಟ. ಕೆಳಗಿನ ಎಡ ಮೂಲೆಯಲ್ಲಿ ಇಬ್ಬರು ಕೂತು ಪ್ರಾಣಿಯ ಗಿಣ್ಣಿನ ಮೂಳೆ ಹಿಡಿದು ಆಡುತ್ತಿದ್ದಾರೆ, ನಮ್ಮ ಕಲ್ಲಾಟ ನೋಡಿದ ಹಾಗೇ ಇದೆ. ಮುಂದೆ ಹುಡುಗರು ಬಳೆಚಕ್ರ ಉರುಳಿಸುತ್ತಿದ್ದಾರೆ. ಬಲಗಡೆ ಇಬ್ಬರು ಪೀಪಾಯಿ ಮೇಲೆ ಕುದುರೆ ಹತ್ತಿದಂತೆ ಕೂತಿದ್ದಾರೆ. ಹೆಚ್ಚುಕಡಿಮೆ ಪ್ರತಿ ತುಂಡಿನಲ್ಲೂ ಒಂದು ಕಾಲು, ಟೋಪಿ, ಕೈ ಸಿಗುತ್ತದೆ. ಇದನ್ನು ಜೋಡಿಸಿದ ವಾರದಲ್ಲಿ ಅಮ್ಮ ತಾನು ಚಿಕ್ಕವಳಿದ್ದಾಗ ಆಡಿದ್ದನ್ನೆಲ್ಲ ಒಂದೊಂದಾಗಿ ಹೇಳಿದಳು. ಸುಮ್ಮನೆ ಗೋಡೆಯ ಮೇಲೆ ನೋಡಿದ್ದರೆ ಅಷ್ಟು ಹೊತ್ತು ಆ ಚಿತ್ರದಲ್ಲಿ ನಾವ್ಯಾರೂ ಮುಳುಗಿರುತ್ತಿರಲಿಲ್ಲ.

ಬಟ್ಟೆಯ ಬಣ್ಣ ನೋಡಿ ಆರಿಸಬೇಡಿ ಇದರಲ್ಲಿ. ಕೆಂಪು, ನೀಲಿ ಎಲ್ಲ ಕಡೆ ಹರಡಿವೆ. ಹಿನ್ನೆಲೆ ನೋಡಿ ಆರಿಸಿ: ಮಣ್ಣಿನ ನೆಲ, ಹಸಿರು, ಕಟ್ಟಡ. ಮಕ್ಕಳು ಮುಂದೆ ದೊಡ್ಡದಾಗಿ, ಹಿಂದೆ ಹೋದಂತೆ ಚಿಕ್ಕದಾಗಿ ಇದ್ದಾರೆ. ಒಂದು ತಲೆಯ ಅಳತೆ ನೋಡಿದರೆ ತುಂಡು ಮೇಲಿನದೋ ಕೆಳಗಿನದೋ ಗೊತ್ತಾಗುತ್ತದೆ.

ಫ್ರಾನ್ಸಿನ ಚಿತ್ರಕಾರ ಕ್ಲಾಡ್ ಮೊನೆಯ ತಾವರೆಕೊಳದ ಚಿತ್ರಗಳನ್ನು ಆಮೇಲಿಗೆ ಇಟ್ಟುಕೊಳ್ಳಿ. ಅಲ್ಲಿ ಯಾವ ಗೆರೆಯೂ ಗಟ್ಟಿಯಾಗಿ ನಿಲ್ಲುವುದಿಲ್ಲ. ಆಸ್ಟ್ರಿಯಾದ ಚಿತ್ರಕಾರ ಕ್ಲಿಮ್ಟ್‌ನ ಚಿನ್ನದ ಹಿನ್ನೆಲೆಯೂ ಹಾಗೇ. ಕಷ್ಟವೇ ಬೇಕು ಅನ್ನುವವರಿಗೆ ಒಂದು ಹಳೆಯ ಮಾತು: 1964ರಲ್ಲಿ ಅಮೆರಿಕದ ಸ್ಪ್ರಿಂಗ್‌ಬಾಕ್ ಕಂಪನಿ ಚಿತ್ರಕಾರ ಜಾಕ್ಸನ್ ಪೊಲಾಕ್‌ನ ಬಣ್ಣ ಚಿಮ್ಮಿಸಿದ ಒಂದು ಚಿತ್ರವನ್ನು ಜಗತ್ತಿನ ಅತಿ ಕಷ್ಟದ ಪಝಲ್ ಅಂತ ಮಾರಿತು. ಅದರಲ್ಲಿದ್ದದ್ದು ಬರೀ 340 ತುಂಡು. ಡಬ್ಬಿಯ ಮೇಲಿನ ಸಂಖ್ಯೆ ನೋಡಿ ಕಷ್ಟ ಅಳೆಯಲಾಗದು.

*ಬಣ್ಣದ ವಿನ್ಯಾಸ.* ಗುಂಡಿ, ನೂಲಿನ ಉಂಡೆ, ಬಳೆ, ಬಟ್ಟೆಯ ಥಾನು ಜೋಡಿಸಿಟ್ಟ ಚಿತ್ರಗಳು ಹೊಸಬರಿಗೆ ತುಂಬಾ ಒಳ್ಳೆಯವು. ಪ್ರತಿ ಬಣ್ಣವೂ ಒಂದೇ ಜಾಗದಲ್ಲಿರುತ್ತದೆ. ಕಾಮನಬಿಲ್ಲಿನಂತೆ ಬಣ್ಣ ನಿಧಾನವಾಗಿ ಬದಲಾಗುವ ಪಝಲ್‌ಗಳು ನೋಡಲು ಕಷ್ಟ ಅನ್ನಿಸಿದರೂ ಹಗಲಲ್ಲಿ ಕೂತರೆ ಸಲೀಸು. ಅಲ್ಲಿ ತುಂಡಿನ ಬಣ್ಣವೇ ಅದರ ವಿಳಾಸ.

ಮಂಡಲ ಅಥವಾ ರಂಗೋಲಿಯಂಥ ವಿನ್ಯಾಸ ಬೇರೆ ಥರ. ಒಂದೇ ಎಸಳು ಎಂಟು ಕಡೆ ಇರುತ್ತದೆ. ಎಂಟು ತುಂಡುಗಳು ನೋಡಲು ಒಂದೇ ಥರ ಕಾಣುತ್ತವೆ, ಎಂಟರ ಜಾಗವೂ ಬೇರೆ ಬೇರೆ. ಇಲ್ಲಿ ನಡುವಿನಿಂದ ಶುರು ಮಾಡಿ, ರಂಗೋಲಿ ಹಾಕುವಾಗ ಮಾಡುವಂತೆ ಸುತ್ತು ಸುತ್ತಾಗಿ ಹೊರಕ್ಕೆ ಬನ್ನಿ. ತಟ್ಟೆಗಳನ್ನೂ ಸುತ್ತಿನ ಪ್ರಕಾರ ಮಾಡಿ: ಮೊದಲ ಸುತ್ತಿನದು ಒಂದು, ಎರಡನೆಯದು ಇನ್ನೊಂದು. ಒಂದೇ ಥರ ಕಾಣುವ ಎರಡು ತುಂಡಿನ ನಡುವೆ ಅನುಮಾನ ಬಂದರೆ, ವಿನ್ಯಾಸವನ್ನು ಎಷ್ಟು ಓರೆಯಾಗಿ ಕೊಯ್ದಿದೆ ಅಂತ ನೋಡಿ. ಎಸಳು ಎಂಟೂ ಒಂದೇ ಆದರೂ ಕತ್ತರಿಯ ಗೆರೆ ಅವನ್ನು ಬೇರೆ ಬೇರೆ ಕೋನದಲ್ಲಿ ದಾಟಿರುತ್ತದೆ.

6. ಬರೀ ನೀಲಿ ಉಳಿದಾಗ

ಎಲ್ಲ ಪಝಲ್‌ಗೂ ಈ ಘಟ್ಟ ಬರುತ್ತದೆ. ಸುಲಭದ್ದೆಲ್ಲ ಆಯಿತು, ಒಂದೇ ಬಣ್ಣದ ಅರವತ್ತು ತುಂಡು ಉಳಿಯಿತು. ಬಿಟ್ಟುಬಿಡುವವರು ಬಿಡುವುದು ಇಲ್ಲೇ. ಈಗ ಚಿತ್ರವನ್ನು ಮರೆತು ಆಕಾರ ನೋಡಿ.

ತುಂಡಿನಿಂದ ಹೊರಗೆ ಚಾಚಿದ ಗುಂಡನೆಯ ಭಾಗಕ್ಕೆ ನಾವು ಕಿವಿ ಅನ್ನುತ್ತೇವೆ, ಒಳಗೆ ಹೋದದ್ದಕ್ಕೆ ಗುಳಿ. ಸಾಲುಸಾಲಾಗಿ ಕತ್ತರಿಸಿದ ಪಝಲ್‌ನಲ್ಲಿ ಒಳಗಿನ ತುಂಡುಗಳು ಆರೇ ಜಾತಿ. ನಾಲ್ಕೂ ಕಿವಿ. ನಾಲ್ಕೂ ಗುಳಿ. ಮೂರು ಕಿವಿ, ಒಂದು ಗುಳಿ. ಒಂದು ಕಿವಿ, ಮೂರು ಗುಳಿ. ಎರಡು ಕಿವಿ ಎದುರುಬದುರು. ಎರಡು ಕಿವಿ ಅಕ್ಕಪಕ್ಕ. ಅರವತ್ತು ತುಂಡನ್ನು ಈ ಆರು ಸಾಲಾಗಿ, ಸೈನಿಕರಂತೆ ಒಂದೇ ದಿಕ್ಕಿಗೆ ಮುಖ ಮಾಡಿ ಇಡಿ.

ಈಗ ಲೆಕ್ಕ ನೋಡಿ. ಸುತ್ತಲೂ ತುಂಬಿ ನಡುವೆ ಒಂದು ಖಾಲಿ ಜಾಗ ಉಳಿದಿದೆ. ಸುಮ್ಮನೆ ಹುಡುಕಿದರೆ ಅರವತ್ತು ತುಂಡು, ಒಂದೊಂದನ್ನು ನಾಲ್ಕು ದಿಕ್ಕಿಗೆ ತಿರುಗಿಸಿ, ಒಟ್ಟು 240 ಸಲ ಇಟ್ಟು ನೋಡಬೇಕಾಗಬಹುದು. ಆ ಜಾಗಕ್ಕೆ ಮೂರು ಕಿವಿ, ಒಂದು ಗುಳಿಯ ತುಂಡು ಬೇಕು ಅಂತ ಗೊತ್ತಿದ್ದರೆ ಆ ಸಾಲಿನ ಹತ್ತು ಹನ್ನೆರಡು ತುಂಡು ಮಾತ್ರ. ಗುಳಿ ಒಂದೇ ಇರುವುದರಿಂದ ಅದನ್ನು ಇಡುವ ದಿಕ್ಕೂ ಒಂದೇ. 240 ಇದ್ದದ್ದು 12 ಆಯಿತು. ಅದರಲ್ಲೂ ಕಿವಿ ಸಪೂರವೋ ದಪ್ಪವೋ, ನಡುವಿನಲ್ಲಿದೆಯೋ ಒಂದು ಬದಿಗೆ ವಾಲಿದೆಯೋ ಅಂತ ಕಣ್ಣಲ್ಲೇ ನೋಡಿದರೆ ಕೈಯಲ್ಲಿ ಇಟ್ಟು ನೋಡುವುದು ಮೂರ್ನಾಲ್ಕಕ್ಕೆ ಇಳಿಯುತ್ತದೆ.

ಕೂತಿತೋ ಇಲ್ಲವೋ ಅಂತ ಪರೀಕ್ಷಿಸಲು ಬೆರಳ ತುದಿಯನ್ನು ಕೂಡಿದ ಗೆರೆಯ ಮೇಲೆ ಎಳೆಯಿರಿ. ಸರಿಯಾದ ತುಂಡಾದರೆ ಗೆರೆ ತಡೆಯುವುದಿಲ್ಲ. ನಾಲ್ಕು ತುಂಡುಗಳ ಮೂಲೆ ಸೇರುವ ಜಾಗದಲ್ಲಿ ಪುಟ್ಟ ಸಂದಿ ಕಂಡರೆ ನಾಲ್ಕರಲ್ಲಿ ಒಂದು ತಪ್ಪು. ಒತ್ತಿ ಕೂರಿಸುವ ಅಭ್ಯಾಸ ಮಾತ್ರ ಬೇಡ. ಒತ್ತಬೇಕಾಗಿ ಬಂತು ಅಂದರೆ ಅದು ಅಲ್ಲಿಯದಲ್ಲ. ಮಳೆಗಾಲ ಇದಕ್ಕೆ ಹೊರತು: ಶಿವಮೊಗ್ಗದ ಜುಲೈನಲ್ಲಿ ರಟ್ಟು ತೇವ ಹೀರಿ ಉಬ್ಬಿ, ಸರಿಯಾದ ತುಂಡೂ ಬಿಗಿಯಾಗುತ್ತದೆ. ಆಗ ತಟ್ಟೆಯನ್ನು ಒಂದರ್ಧ ಗಂಟೆ ಫ್ಯಾನಿನಡಿ ಇಟ್ಟು ನೋಡಿ. ಹೊಸ ಚಪ್ಪಲಿ, ಬ್ಯಾಗ್ ಜೊತೆ ಬರುವ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಎರಡನ್ನು ಡಬ್ಬಿಯೊಳಗೆ ಹಾಕಿಡಿ.

ಇಪ್ಪತ್ತು ನಿಮಿಷ ಕೂತರೂ ಒಂದೂ ಸಿಗದಿದ್ದರೆ ಎದ್ದು ಹಲಗೆಯ ಎದುರು ಬದಿಗೆ ಹೋಗಿ ಕೂತುಕೊಳ್ಳಿ. ತಲೆಕೆಳಗಾಗಿ ನೋಡಿದಾಗ ಅದು ಆಕಾಶ ಅನ್ನುವುದು ಮರೆತು, ಬಣ್ಣ ಮತ್ತು ಆಕಾರ ಮಾತ್ರ ಕಾಣುತ್ತದೆ. ನನಗೆ ಇದು ಬಹಳ ಸಲ ದಾರಿ ತೋರಿಸಿದೆ.

ಎಷ್ಟು ದಿನ ಹಿಡಿಯಿತು ಅಂತ ಲೆಕ್ಕ ಇಡಬೇಡಿ. ಸ್ಪೇನಿನ ವಲ್ಲಾಡೊಲಿಡ್ ಊರಿನಲ್ಲಿ 2019ರಿಂದ ವಿಶ್ವ ಜಿಗ್ಸಾ ಚಾಂಪಿಯನ್‌ಷಿಪ್ ನಡೆಯುತ್ತಿದೆ, ಅಲ್ಲಿ ಮುಂದಿರುವವರು 500 ತುಂಡನ್ನು ಒಬ್ಬರೇ ಒಂದು ಗಂಟೆಯೊಳಗೆ ಜೋಡಿಸುತ್ತಾರೆ. ಅವರ ಕೈ ನೋಡುವುದು ಖುಷಿ. ನನ್ನ ಮೊದಲ ಸಾವಿರಕ್ಕೆ ಮೂರು ವಾರ ಹಿಡಿಯಿತು.

7. ಒಂದು ತುಂಡು ಕಳೆದಿದ್ದರೆ

ಮೊದಲು ಹಲಗೆಯ ಬಟ್ಟೆಯ ಮಡಿಕೆ, ಸೋಫಾದ ಸಂದಿ, ಕಸದ ಮೊರ, ಡಬ್ಬಿಯ ಕೆಳಮುಚ್ಚಳದ ಮೂಲೆ ನೋಡಿ. ಸಿಗದಿದ್ದರೆ ಕಂಪನಿಗೆ ಬರೆದು ಕೇಳಿ, ಕೆಲವರು ಬದಲಿ ಕಳಿಸುತ್ತಾರೆ. ಅದೂ ಆಗದಿದ್ದರೆ ನೀವೇ ಮಾಡಬಹುದು.

ಖಾಲಿ ಜಾಗದ ಅಡಿಗೆ ಬಿಳಿ ಹಾಳೆ ತೂರಿಸಿ, ಚೂಪಾದ ಪೆನ್ಸಿಲ್‌ನಿಂದ ಒಳ ಅಂಚಿನ ಗುಂಟ ಗೆರೆ ಎಳೆಯಿರಿ. ಕಾರ್ನ್‌ಫ್ಲೇಕ್ಸ್ ಡಬ್ಬಿಯ ರಟ್ಟನ್ನು ಮೂರ್ನಾಲ್ಕು ಪದರ ಅಂಟಿಸಿ, ಪಝಲ್‌ನ ದಪ್ಪಕ್ಕೆ ತಂದು, ಭಾರದ ಪುಸ್ತಕದಡಿ ಒಂದು ರಾತ್ರಿ ಒಣಗಿಸಿ. ಪೆನ್ಸಿಲ್ ಗೆರೆಯ ಹಾಳೆಯನ್ನು ಅದರ ಮೇಲೆ ಅಂಟಿಸಿ ಚೂಪಾದ ಕಟ್ಟರ್‌ನಿಂದ ನಿಧಾನವಾಗಿ ಕೊಯ್ಯಿರಿ. ಅಕ್ಕಪಕ್ಕದ ಬಣ್ಣ ನೋಡಿಕೊಂಡು ಮಕ್ಕಳ ವಾಟರ್ ಕಲರ್ ಹಚ್ಚಿ. ನಮ್ಮ ಬ್ರೂಗೆಲ್‌ನಲ್ಲಿ ಒಬ್ಬ ಹುಡುಗನ ಬೆನ್ನು ಮಗಳು ಬರೆದದ್ದು. ಹತ್ತಿರ ಹೋದರೆ ಗೊತ್ತಾಗುತ್ತದೆ, ಎದ್ದು ನಿಂತರೆ ಗೊತ್ತಾಗುವುದಿಲ್ಲ.

8. ನಿಮ್ಮದೇ ಚಿತ್ರದ ಪಝಲ್

ಫೋಟೋ ಕೊಟ್ಟರೆ ಪಝಲ್ ಮಾಡಿಕೊಡುವ ಪ್ರಿಂಟಿಂಗ್ ಅಂಗಡಿಗಳು ಈಗ ಬೇಕಾದಷ್ಟಿವೆ. ಅಳತೆ ನೋಡಿಕೊಳ್ಳಿ. 12 ಮೆಗಾಪಿಕ್ಸೆಲ್ ಮೊಬೈಲ್ ಫೋಟೋದಲ್ಲಿ ಅಡ್ಡಕ್ಕೆ ಸುಮಾರು 4000 ಪಿಕ್ಸೆಲ್ ಇರುತ್ತದೆ. 70 ಸೆಂಟಿಮೀಟರಿಗೆ ಹಿಗ್ಗಿಸಿದರೆ ಇಂಚಿಗೆ 145ರಷ್ಟು ಬರುತ್ತದೆ, ಪಝಲ್‌ಗೆ ಅಷ್ಟು ಸಾಕು. ವಾಟ್ಸ್ಯಾಪ್‌ನಲ್ಲಿ ಬಂದ ಫೋಟೋ ಕೊಡಬೇಡಿ, ಅದು ಕುಗ್ಗಿರುತ್ತದೆ, ಮುದ್ರಿಸಿದಾಗ ಎಲ್ಲ ಮಸುಕು. ಮೊಬೈಲ್‌ನಿಂದ ಮೂಲ ಫೈಲನ್ನೇ ಕೊಡಿ. ಜೋಗದ ಫೋಟೋ ಹಾಕಿಸುವುದಾದರೆ ಬರೀ ಬಿಳಿ ನೊರೆ ತುಂಬಿದ ಮಳೆಗಾಲದ್ದಕ್ಕಿಂತ, ಬಂಡೆ, ಹುಲ್ಲು, ನಾಲ್ಕೂ ಧಾರೆ ಬೇರೆ ಬೇರೆ ಕಾಣುವ ದಿನದ್ದನ್ನು ಆರಿಸಿ. ಕಿರುಬೆರಳಿನ ಪರೀಕ್ಷೆ ಇಲ್ಲೂ ನಡೆಯುತ್ತದೆ.

ಪೇಂಟಿಂಗ್ ಬೇಕಿದ್ದರೆ ಇನ್ನೂ ಒಳ್ಳೆಯ ದಾರಿ ಇದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಿಂದ, ಕಾಪಿರೈಟ್ ಮುಗಿದ ತನ್ನ ಕಲಾಕೃತಿಗಳ ದೊಡ್ಡ ಫೋಟೋಗಳನ್ನು ಯಾರು ಬೇಕಾದರೂ ಇಳಿಸಿಕೊಂಡು ಬಳಸಲು ಬಿಟ್ಟಿದೆ. ವ್ಯಾನ್ ಗೋನ ಗೋಧಿಹೊಲ ಮತ್ತು ಸೈಪ್ರಸ್ ಮರಗಳ ಚಿತ್ರ, ಜಪಾನಿನ ಕಲಾವಿದ ಹೊಕುಸಾಯಿಯ ದೊಡ್ಡ ಅಲೆ ಎರಡೂ ಅಲ್ಲಿವೆ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನ ವೆಬ್‌ಸೈಟಿನಲ್ಲೂ ಹೀಗೆ ಪುಕ್ಕಟೆ ಸಿಗುತ್ತವೆ. ಅಂಗಡಿಯಲ್ಲಿ ಎಲ್ಲೂ ಸಿಗದ ಚಿತ್ರ ನಿಮ್ಮ ಹಲಗೆಯ ಮೇಲೆ ಬರುತ್ತದೆ.

9. ಮುಗಿದ ಮೇಲೆ

ಗೋಡೆಗೆ ಹಾಕುವುದಾದರೆ ಮುಖದ ಮೇಲೆ ಗೋಂದು ಬಳಿಯಬೇಡಿ, ಹೊಳಪು ಬಂದು ಕುಂಚದ ಗೀಟು ಮಾಯವಾಗುತ್ತದೆ. ಪಝಲ್‌ನ ಮೇಲೆ ಇನ್ನೊಂದು ಹಲಗೆ ಇಟ್ಟು, ಎರಡನ್ನೂ ಬಿಗಿಯಾಗಿ ಹಿಡಿದು, ಇಬ್ಬರು ಸೇರಿ ಒಮ್ಮೆಗೇ ಮಗುಚಿ. ಬೆನ್ನಿಗೆ ನೀರು ಬೆರೆಸದ ಫೆವಿಕಾಲನ್ನು ತೆಳ್ಳಗೆ ಸವರಿ, ಬ್ರೌನ್ ಪೇಪರ್ ಅಂಟಿಸಿ, ಭಾರ ಹೇರಿ ಒಂದು ದಿನ ಬಿಡಿ. ನೀರು ಬೆರೆಸಿದರೆ ರಟ್ಟು ಅಪ್ಪಳದಂತೆ ಸೊಟ್ಟಗಾಗುತ್ತದೆ. ಬಿಸಿಲು ನೇರ ಬೀಳುವ ಗೋಡೆ ಬೇಡ.

ನಾನು ಅಂಟಿಸುವುದು ಕಡಿಮೆ. ಒಂದು ವಾರ ಇಟ್ಟು, ಬಂದವರಿಗೆಲ್ಲ ತೋರಿಸಿ, ಆಮೇಲೆ ಬಿಚ್ಚುತ್ತೇನೆ. ಅಂಚಿನ ತುಂಡು ಒಂದು ಜಿಪ್ ಕವರಿಗೆ, ಒಳಗಿನವು ಇನ್ನೊಂದಕ್ಕೆ. ಮುಂದೆ ಆಡುವವರಿಗೆ ಒಂದು ಸಂಜೆ ಉಳಿಯುತ್ತದೆ. ಮುಚ್ಚಳದ ಒಳಬದಿಗೆ ತಾರೀಕು, ಯಾರ‍್ಯಾರು ಕೂತಿದ್ದೆವು, ಯಾವ ತುಂಡು ಕೈಯಲ್ಲಿ ಮಾಡಿದ್ದು ಅಂತ ಪೆನ್ನಿನಲ್ಲಿ ಬರೆದು, ಇನ್ನೊಂದು ಮನೆಗೆ ಕೊಡುತ್ತೇನೆ. ನಮ್ಮ ಬ್ರೂಗೆಲ್ ಈಗ ನಾಲ್ಕನೆಯ ಮನೆಯಲ್ಲಿದೆ. ಮುಚ್ಚಳದಲ್ಲಿ ಬರೆಯಲು ಜಾಗ ಸಾಲದೆ ಅವರು ಒಂದು ಹಾಳೆ ಅಂಟಿಸಿದ್ದಾರಂತೆ.